ಗಾಯಾಳು ರಸ್ತೆಯಲ್ಲಿ ಬಿದ್ದಿರುವಾಗ ‘ಅದು ಯಾವ ಠಾಣೆ ವ್ಯಾಪ್ತಿ’ ಅಂತ ಕೇಳಬಹುದಾ?

ತುಂಗಾ ದಂಡೆಯವ

ಕಳೆದ ವಾರ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ಮಂಡಗದ್ದೆ ಕಡೆಯ ಒಂದು ತಿರುವಿನಲ್ಲಿ ಬೈಕಿಗೆ ಪಿಕಪ್ ಗುದ್ದಿತ್ತು. ಪಿಕಪ್ ಡ್ರೈವರ್ ಓಡಿಹೋಗಿರಲಿಲ್ಲ, ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದ್ದ. ಬೈಕಿನ ಹುಡುಗನ ತೊಡೆ ಮುರಿದಿತ್ತು, ಪ್ರಜ್ಞೆ ಇತ್ತು. ಒಂದು ಠಾಣೆಗೆ ಫೋನ್ ಹಚ್ಚಿದರೆ ‘ಕಿಲೋಮೀಟರ್ ಕಲ್ಲು ಎಷ್ಟನೇದು ನೋಡಿ’ ಅಂದರು. ಮಳೆಯಲ್ಲಿ ಓಡಿಹೋಗಿ ನೋಡಿ ಹೇಳಿದೆ. ‘ಅದು ನಮ್ಮ ಲಿಮಿಟ್ಸ್ ಅಲ್ಲ, ಪಕ್ಕದ ಠಾಣೆಗೆ ಹೇಳಿ’ ಅಂದರು. ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ಕೊನೆಗೆ ದಾರಿಯಲ್ಲಿ ಬಂದ ಒಂದು ಓಮ್ನಿಯವರು ಹಿಂದಿನ ಸೀಟು ಮಡಚಿ ಅವನನ್ನು ಮಲಗಿಸಿಕೊಂಡು ಹೊರಟರು.

ಹುಡುಗ ಬದುಕಿದ್ದಾನೆ, ಆಪರೇಷನ್ ಆಗಿದೆ. ನನಗೆ ಯಾರ ಮೇಲೂ ದೂರು ಕೊಡುವ ಆಸೆ ಇಲ್ಲ. ಇಲ್ಲಿ ವಕೀಲರು, ಇಲಾಖೆಯಲ್ಲಿ ಇದ್ದವರು, ಆಸ್ಪತ್ರೆಯವರು ಎಲ್ಲ ಇದ್ದೀರಿ. ಇಂಥ ಹೊತ್ತಿನಲ್ಲಿ ಪೊಲೀಸರು ನಿಜವಾಗಿ ಏನೇನು ಮಾಡಲೇಬೇಕು? ಕಾನೂನಲ್ಲಿ ಏನಿದೆ?

ಎಂವಿಸಿ ವಕೀಲ, ಶಿವಮೊಗ್ಗ

ಕೇಳಬಹುದು. ಆದರೆ ಉತ್ತರ ಏನೇ ಬಂದರೂ ಕೆಲಸ ನಿಲ್ಲಿಸುವ ಹಾಗಿಲ್ಲ.

ಫೋನ್ ಬಂದರೆ ಗಾಡಿ ಕಳಿಸಬೇಕು. ಇಲ್ಲವಾದರೆ ತಾವೇ ಪಕ್ಕದ ಠಾಣೆಗೆ ವೈರ್‌ಲೆಸ್‌ನಲ್ಲಿ ಹೇಳಬೇಕು. ಆ ಕೆಲಸವನ್ನು ಮಳೆಯಲ್ಲಿ ನಿಂತವನ ತಲೆಗೆ ಕಟ್ಟುವುದು ಸರಿಯಲ್ಲ. 112ಕ್ಕೆ ಮಾಡಿದರೆ ಈ ತಾಪತ್ರಯ ಕಡಿಮೆ. ಅಲ್ಲಿ ಕರೆ ದಾಖಲಾಗುತ್ತದೆ, ಯಾವ ಗಾಡಿ ಹೋಗಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ.

ಎಫ್‌ಐಆರ್ ವಿಷಯದಲ್ಲಂತೂ ವ್ಯಾಪ್ತಿಯ ನೆಪ ಮುಗಿದ ಕಥೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೋಡಿ. ಘಟನೆ ಯಾವ ಠಾಣೆ ವ್ಯಾಪ್ತಿಯಲ್ಲೇ ಆಗಿರಲಿ, ಮಾಹಿತಿ ಬಂದ ಠಾಣೆ ಬರೆದುಕೊಳ್ಳಬೇಕು. ಇದೇ ಜೀರೋ ಎಫ್‌ಐಆರ್. ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಿಕೊಳ್ಳಲಿ. ಪ್ರತಿಯನ್ನು ದೂರು ಕೊಟ್ಟವರಿಗೆ ಅಥವಾ ಗಾಯಾಳುವಿಗೆ ಪುಕ್ಕಟೆಯಾಗಿ ಕೊಡಬೇಕು. ಅಡ್ಡಾದಿಡ್ಡಿ ಚಾಲನೆಯಿಂದ ಗಾಯ ಮಾಡುವುದು ಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ. ಅಂಥ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಜೀವ ಮೊದಲು ಅನ್ನುವ ಮಾತು ಇನ್ನೂ ಹಳೆಯದು. ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು ‘ಇದು ಮೆಡಿಕೋ-ಲೀಗಲ್ ಕೇಸು’ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಅಂತ ದೂರದ ಇನ್ನೊಂದು ಆಸ್ಪತ್ರೆಗೆ ಅಟ್ಟಿದರು. ಅವನು ದಾರಿಯಲ್ಲೇ ಸತ್ತ. ಆ ಸುದ್ದಿ ಹಿಡಿದು ಪರಮಾನಂದ ಕಟಾರಾ ಕೋರ್ಟಿಗೆ ಹೋದರು. 1989ರಲ್ಲಿ ತೀರ್ಪು ಬಂತು. ಸರ್ಕಾರಿ ಇರಲಿ ಖಾಸಗಿ ಇರಲಿ, ವೈದ್ಯರು ಮೊದಲು ಚಿಕಿತ್ಸೆ ಕೊಡಬೇಕು, ಪೊಲೀಸ್ ಕಾಗದಪತ್ರ ಅದಕ್ಕೆ ಅಡ್ಡ ಬರಬಾರದು ಅಂತ. ಮೋಟಾರು ವಾಹನ ಕಾಯ್ದೆಯ 134ನೇ ಕಲಂನಲ್ಲೂ ಇದೇ ಮಾತಿದೆ.

ನಿವೃತ್ತ ಹೆಡ್ ಕಾನ್‌ಸ್ಟೆಬಲ್

ವಕೀಲರು ಹೇಳಿದ್ದು ಸರಿ. ಸ್ಪಾಟ್‌ನಲ್ಲಿ ಏನಾಗುತ್ತೆ ಅಂತ ನಾನು ಹೇಳುತ್ತೇನೆ.

ಹೋದ ತಕ್ಷಣ ಮೊದಲ ಕೆಲಸ ಗಾಯಾಳುವಿನ ಹತ್ತಿರ ಓಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಬ್ಬರು ಹೋಗಿದ್ದರೆ ಒಬ್ಬ ಗಾಯಾಳು ಕಡೆ, ಇನ್ನೊಬ್ಬ ತಿರುವಿನ ಆಚೆಗೆ. ನಮ್ಮ ಕಡೆ ತಿರುವು ದಾಟಿದ ಮೇಲೆಯೇ ಗಾಡಿ ಕಾಣೋದು. ಎರಡನೇ ಲಾರಿ ಬಂದು ಸಹಾಯಕ್ಕೆ ನಿಂತ ಜನರ ಮೇಲೇ ಹರಿದದ್ದು ಉಂಟು. ಒಬ್ಬನೇ ಹೋಗಿದ್ದರೆ ಸೇರಿದ ಜನರಲ್ಲೇ ಒಬ್ಬನ ಕೈಗೆ ಟಾರ್ಚ್ ಕೊಟ್ಟು ಕಳಿಸುತ್ತಿದ್ದೆವು.

ಆಂಬುಲೆನ್ಸ್ ತಡ ಅಂತ ಗೊತ್ತಾದರೆ ಇಲಾಖೆ ಗಾಡಿಯಲ್ಲೇ ಹಾಕಿಕೊಂಡು ಹೋಗಬೇಕು. ಬಂದ ಗಾಡಿ ನಿಲ್ಲಿಸಿ ಕಳಿಸಿಕೊಡಬಹುದು. ರಸ್ತೆಯಲ್ಲಿ ಅಸಹಾಯಕರಾಗಿ ಬಿದ್ದವರಿಗೆ ಕೈಲಾದ ಸಹಾಯ ಮಾಡಬೇಕು ಅಂತ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಇದೆ. ಸೀಟಿಗೆ ರಕ್ತ ಆಗುತ್ತೆ ಅಂತ ಮುಖ ಮುರಿಯುವವರನ್ನು ನಾನೂ ನೋಡಿದ್ದೇನೆ.

ಗಾಯಾಳು ಹೊರಟ ಮೇಲೆ ಗಾಡಿಗಳನ್ನು ಸರಿಸುವ ಮುಂಚೆ ಗಾಲಿ ಇದ್ದ ಜಾಗ ಗುರುತು ಮಾಡಬೇಕು. ಬೇಸಿಗೆಯಲ್ಲಿ ಸೀಮೆಸುಣ್ಣ ಸಾಕು. ಜುಲೈ ತಿಂಗಳಲ್ಲಿ ಅದು ಗೆರೆ ಎಳೆಯುವ ಮುಂಚೆ ತೊಳೆದು ಹೋಗುತ್ತದೆ. ಆಗ ನಾವು ರಸ್ತೆ ಬದಿಯ ಜಂಬಿಟ್ಟಿಗೆ ಕಲ್ಲು ತಂದು ನಾಲ್ಕೂ ಗಾಲಿ ಹತ್ತಿರ ಇಟ್ಟು, ಆಮೇಲೆ ಟೇಪ್ ಹಿಡಿದು ರಸ್ತೆ ಅಂಚಿನಿಂದ ಅಳತೆ ಬರೆದುಕೊಳ್ಳುತ್ತಿದ್ದೆವು. ಈಗ ಮೊಬೈಲ್ ಇದೆ, ಎಲ್ಲಾ ದಿಕ್ಕಿನಿಂದ ಫೋಟೋ ಹೊಡೆದರೆ ಆಯಿತು. ಟ್ರಾಫಿಕ್ ಜಾಮ್ ಆಯ್ತು ಅಂತ ಜನರೇ ಗಾಡಿ ಎಳೆದು ಬದಿಗೆ ಹಾಕಿಬಿಟ್ಟರೆ ಮಹಜರಿನಲ್ಲಿ ಬರೆಯಲು ಏನೂ ಉಳಿಯಲ್ಲ. ಯಾರು ಯಾವ ಪಕ್ಕದಲ್ಲಿ ಬರುತ್ತಿದ್ದರು ಅನ್ನೋದು ಮಾತಿನ ಮೇಲೆ ನಿಲ್ಲುತ್ತೆ.

ಆಮೇಲೆ ಸಾಮಾನು. ಪರ್ಸು, ಮೊಬೈಲ್, ಕೊರಳ ಸರ, ಬೈಕಿನ ಕೀಲಿ. ಇಬ್ಬರ ಎದುರು ಪಟ್ಟಿ ಮಾಡಿ ಇಟ್ಟುಕೊಳ್ಳಬೇಕು. ಆ ಫೋನಿಗೇ ಮನೆಯವರ ಕರೆ ಬರುತ್ತಿರುತ್ತದೆ. ‘ಅಮ್ಮ’ ಅಂತ ಬಂದದ್ದನ್ನು ಎತ್ತಿ ಯಾವ ಆಸ್ಪತ್ರೆ ಅಂತ ಹೇಳುವುದೂ ಡ್ಯೂಟಿನೇ.

‘ಲಿಮಿಟ್ಸ್’ ಯಾಕೆ ಕೇಳುತ್ತಾರೆ ಅಂದರೆ, ಗಾಡಿ ಕಳಿಸಿದ ಠಾಣೆಗೇ ಕೇಸು ಅಂಟಿಕೊಳ್ಳುತ್ತೆ ಅನ್ನೋ ಭಯ. ರಾತ್ರಿ ಪಾಳಿಯಲ್ಲಿ ಇರೋದೇ ಬೆರಳೆಣಿಕೆ ಜನ. ಒಂದು ಗಾಡಿ ಬಂದೋಬಸ್ತಿಗೆ ಹೋಗಿರುತ್ತೆ. ಸಮರ್ಥನೆ ಮಾಡುತ್ತಿಲ್ಲ, ಒಳಗಿನ ಸ್ಥಿತಿ ಹೇಳಿದೆ ಅಷ್ಟೆ.

ಹುಲಿಕಲ್ ಘಾಟಿ ಜೀಪು

ಒಳಗಿನ ಸ್ಥಿತಿ ಸರಿ ಯಜಮಾನ್ರೆ, ಹೊರಗಿನ ಸ್ಥಿತಿನೂ ಕೇಳಿ. ಮಾಸ್ತಿಕಟ್ಟೆ ದಾಟಿದರೆ ಫೋನಿನಲ್ಲಿ ಕಡ್ಡಿ ಇರಲ್ಲ. ಘಾಟಿಯಲ್ಲಿ ಯಾರಾದರೂ ಬಿದ್ದರೆ 108, 112 ಎಲ್ಲ ಆಮೇಲೆ, ಮೊದಲು ಸಿಗೋದು ನಮ್ಮಂಥ ಜೀಪಿನವರೇ. ಮೇಲೆ ಶಿವಮೊಗ್ಗ ಜಿಲ್ಲೆ, ಕೆಳಗೆ ಉಡುಪಿ ಜಿಲ್ಲೆ. ಹೊಸಂಗಡಿ ಕಡೆ ಇಳಿಸಿದರೆ ಒಂದು ಕಥೆ, ಹೊಸನಗರಕ್ಕೆ ಹತ್ತಿಸಿದರೆ ಇನ್ನೊಂದು.

ಹಿಂದೆ ಒಬ್ಬರನ್ನು ಆಸ್ಪತ್ರೆಗೆ ಸೇರಿಸಿದ್ದಕ್ಕೆ ಹೆಸರು, ವಿಳಾಸ, ಅಪ್ಪನ ಹೆಸರು, ಗಾಡಿ ನಂಬರು ಎಲ್ಲ ಬರೆಸಿಕೊಂಡು ‘ಕರೆದಾಗ ಬರಬೇಕು’ ಅಂದರು. ನನ್ನ ಗಾಡಿಯೇ ಗುದ್ದಿದೆಯಾ ಅಂತ ಬಂಪರ್ ಬೇರೆ ಸವರಿ ನೋಡಿದರು. ಆವತ್ತಿಂದ ನನ್ನ ಹೆಂಡತಿ ‘ನಿಲ್ಲಿಸಬೇಡಿ’ ಅಂತಾಳೆ. ನಿಲ್ಲಿಸದೆ ಇರೋಕೆ ಆಗಲ್ಲ, ಅದು ಬೇರೆ ಮಾತು. ಸಹಾಯ ಮಾಡಿದವನಿಗೆ ಏನು ರಕ್ಷಣೆ ಇದೆ?

ಎಂವಿಸಿ ವಕೀಲ, ಶಿವಮೊಗ್ಗ

ಜೀಪಿನವರೇ, ಈ ಪ್ರಶ್ನೆಗೆ ಉತ್ತರ ಗಟ್ಟಿಯಾಗಿದೆ.

2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಇದಕ್ಕಾಗಿ ಸ್ವಂತ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದೇ. 2016ರ ಕಾಯ್ದೆ, ರಾಷ್ಟ್ರಪತಿ ಅಂಕಿತ 2018ರಲ್ಲಿ ಬಿತ್ತು. ಆಮೇಲೆ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು. 2020ರಲ್ಲಿ ಅದರ ನಿಯಮಗಳೂ ಬಂದವು.

ನಿಮಗೆ ಬೇಕಾದ್ದು ಇಷ್ಟು. ಹೆಸರು, ವಿಳಾಸ, ಫೋನ್ ನಂಬರ್ ಕೊಡಿ ಅಂತ ಪೊಲೀಸರು ಒತ್ತಾಯ ಮಾಡುವ ಹಾಗಿಲ್ಲ. ನೀವಾಗಿಯೇ ಕೊಟ್ಟರೆ ಸರಿ. ಸಾಕ್ಷಿ ಆಗಲು ನೀವು ಒಪ್ಪಿದರೆ ಮಾತ್ರ ಹೇಳಿಕೆ, ಅದೂ ಒಂದೇ ಸಲ, ನಿಮಗೆ ಅನುಕೂಲವಾದ ಜಾಗ ಮತ್ತು ಹೊತ್ತಿನಲ್ಲಿ. ಮನೆಗೆ ಬಂದರೆ ಸಮವಸ್ತ್ರ ಹಾಕದೆ ಬರಬೇಕು. ನೀವು ಎತ್ತಿ ಸಾಗಿಸುವಾಗ ಗಾಯಾಳುವಿಗೆ ಏನಾದರೂ ಹೆಚ್ಚುಕಡಿಮೆ ಆದರೆ ಅದರ ಮೇಲೆ ನಿಮ್ಮ ವಿರುದ್ಧ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಬಾಗಿಲ ಬಳಿ ಕನ್ನಡದಲ್ಲೂ ಹಾಕಬೇಕು. ಎಷ್ಟು ಕಡೆ ಇದೆ ಅಂತ ನೀವೇ ನೋಡಿ, ನಾನು ಹೇಳಲ್ಲ.

ಕೇಂದ್ರದ ‘ರಾಹ್-ವೀರ್’ ಯೋಜನೆಯಲ್ಲಿ ಬಹುಮಾನವೂ ಇದೆ. 2021ರಲ್ಲಿ 5,000 ರೂಪಾಯಿ ಇತ್ತು, 2025ರಲ್ಲಿ 25,000ಕ್ಕೆ ಏರಿಸಿದರು. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿಸಿ ಜೀವ ಉಳಿಸಿದವರಿಗೆ.

ಕ್ಯಾಶುಯಲ್ಟಿ ಸಿಸ್ಟರ್

ನಾನು ಆಸ್ಪತ್ರೆ ಕಡೆಯವಳು. ಯಾರೂ ಗಮನಿಸದ ಒಂದು ವಿಷಯ ಹೇಳುತ್ತೇನೆ.

ಗಾಯಾಳು ಬಂದ ತಕ್ಷಣ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ರಿಜಿಸ್ಟರ್‌ನಲ್ಲಿ ‘ಹೇಗೆ ಆಯಿತು’ ಅಂತ ಒಂದು ಸಾಲು ಬರೆಯುತ್ತೇವೆ. ಗಾಯಾಳು ಮಾತಾಡಿದರೆ ಅವರು ಹೇಳಿದ್ದು, ಇಲ್ಲವಾದರೆ ಕರೆತಂದವರು ಹೇಳಿದ್ದು. ಕರೆತಂದವರು ಅಪಘಾತ ನೋಡಿರುವುದಿಲ್ಲ. ಮಳೆ ಬಂದಿತ್ತು, ಬೈಕ್ ಬಿದ್ದಿತ್ತು ಅಂತ ‘ಸ್ಕಿಡ್ ಆಗಿ ಬಿದ್ದಿದ್ದಾರೆ’ ಅಂದುಬಿಡುತ್ತಾರೆ. ಇನ್ನು ಕೆಲವರು ಪೊಲೀಸ್ ರಗಳೆ ಬೇಡ ಅಂತ ಬೇಕಂತಲೇ ಹಾಗೆ ಹೇಳುತ್ತಾರೆ. ಎರಡು ತಿಂಗಳ ಮೇಲೆ ಮನೆಯವರು ಬಂದು ‘ಸಿಸ್ಟರ್, ಪಿಕಪ್ ಗುದ್ದಿದ್ದು ಅಂತ ತಿದ್ದಿಕೊಡಿ’ ಅಂತ ಗೋಗರೆಯುತ್ತಾರೆ. ತಿದ್ದೋಕೆ ಬರಲ್ಲ.

ಆದ್ದರಿಂದ ನೋಡದೆ ಇದ್ದರೆ ‘ನೋಡಿಲ್ಲ, ರಸ್ತೆಯಲ್ಲಿ ಬಿದ್ದಿದ್ದರು’ ಅಂತ ಹೇಳಿ. ಅಷ್ಟೇ ಬರೆಯುತ್ತೇವೆ.

ನಾವು ಎಂಎಲ್‌ಸಿ ಮಾಹಿತಿ ಕಳಿಸಿದ ಮೇಲೆ ಪೊಲೀಸರು ಬಂದು ಹೇಳಿಕೆ ತೆಗೆದುಕೊಳ್ಳಬೇಕು. ಬರುತ್ತಾರೆ. ಆದರೆ ಕೆಲವರು ಇಂಜೆಕ್ಷನ್ ಮಂಪರಿನಲ್ಲಿ ಇರುವವರನ್ನು ಎಬ್ಬಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನೋಡುತ್ತಾರೆ. ಹೇಳಿಕೆ ಕೊಡುವ ಸ್ಥಿತಿಯಲ್ಲಿ ಇದ್ದಾರಾ ಅಂತ ಡಾಕ್ಟರನ್ನು ಕೇಳಿ, ಬರೆಸಿಕೊಂಡು ಆಮೇಲೆ ಶುರು ಮಾಡಬೇಕು. ಇದು ಗೊತ್ತಿರುವ ಸಿಬ್ಬಂದಿ ನಮ್ಮನ್ನೇ ಮೊದಲು ಕೇಳುತ್ತಾರೆ, ಅವರ ಜೊತೆ ಕೆಲಸ ಸಲೀಸು.

ಕುಪ್ಪಳಿ ಹತ್ತಿರದವಳು

ತೀರ್ಥಹಳ್ಳಿ, ಆಗುಂಬೆ ಕಡೆಯವರು ಜೋರು ಪೆಟ್ಟು ಬಿದ್ದರೆ ಅರ್ಧ ಜನ ಶಿವಮೊಗ್ಗದ ಮೆಗ್ಗಾನ್‌ಗೆ, ಅರ್ಧ ಜನ ಘಾಟಿ ಇಳಿದು ಮಣಿಪಾಲಕ್ಕೆ. ಮಣಿಪಾಲದಲ್ಲಿ ಅಡ್ಮಿಟ್ ಆದರೆ ಇಲ್ಲಿಯ ಪೊಲೀಸರು ಅಲ್ಲಿಗೆ ಹೋಗಿ ಹೇಳಿಕೆ ತಗೊಳ್ಳೋದು ಯಾವಾಗ? ನಮ್ಮ ಚಿಕ್ಕಪ್ಪನ ಕೇಸಿನಲ್ಲಿ ‘ಡಿಸ್ಚಾರ್ಜ್ ಆಗಿ ಬಂದಮೇಲೆ ಠಾಣೆಗೆ ಬರಲಿ’ ಅಂದಿದ್ದರು. ಸೊಂಟ ಮುರಿದವರು ಠಾಣೆ ಮೆಟ್ಟಿಲು ಹತ್ತಬೇಕಂತೆ.

ಎಂವಿಸಿ ವಕೀಲ, ಶಿವಮೊಗ್ಗ

ಹಾಗೆ ಕಾಯಬೇಕಾಗಿಯೇ ಇಲ್ಲ. ಮಣಿಪಾಲದ ಆಸ್ಪತ್ರೆಯಿಂದ ಹೋದ ಎಂಎಲ್‌ಸಿ ಮಾಹಿತಿ ಮೇಲೆ ಅಲ್ಲಿಯ ಪೊಲೀಸರೇ ಹೇಳಿಕೆ ಪಡೆದು ಇಲ್ಲಿಗೆ ಕಳಿಸಬಹುದು. ಮನೆಯವರೂ, ನೋಡಿದವರೂ ದೂರು ಕೊಡಬಹುದು. ಗಾಯಾಳುವೇ ಕೊಡಬೇಕು ಅಂತ ಎಲ್ಲೂ ಇಲ್ಲ.

ದೂರು ತಡವಾಯಿತು ಅಂತ ವಿಮಾ ಕಂಪನಿ ವಕೀಲರು ತಕರಾರು ತೆಗೆದೇ ತೆಗೆಯುತ್ತಾರೆ. ಅದಕ್ಕೆ ಹೆದರಬೇಡಿ. ನಮ್ಮ ಜನ ಮೊದಲು ಗಾಯಾಳುವಿನ ಆರೈಕೆ ನೋಡುತ್ತಾರೆ, ಠಾಣೆಗೆ ಓಡಲ್ಲ, ಬರೀ ತಡದ ಕಾರಣಕ್ಕೆ ಪರಿಹಾರ ತಳ್ಳಿಹಾಕಬಾರದು ಅಂತ 2011ರಲ್ಲಿ ರವಿ ಎನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಸುಮ್ನೆ ತಡ ಮಾಡಬೇಡಿ.

ಎಫ್‌ಐಆರ್ ಆದ ಮೇಲಿನ ಪೊಲೀಸ್ ಕೆಲಸ ಹೊರಗೆ ಕಾಣಲ್ಲ. 2022ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ. ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ, ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೂ ವಿಮಾ ಕಂಪನಿಗೂ ಹೋಗಬೇಕು. 10 ದಿನದೊಳಗೆ ಗಾಯಾಳುವಿಗೆ ಅವರ ಹಕ್ಕುಗಳ ನಮೂನೆ ಕೊಡಬೇಕು, ಇದು ಎರಡನೇ ನಮೂನೆ. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಪೂರ್ತಿ ವರದಿ. 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಹೇಳಿತು. ನನ್ನ ಕಕ್ಷಿದಾರರಲ್ಲಿ ಆ ಎರಡನೇ ನಮೂನೆ ಕೈಗೆ ಬಂದವರು ಅಪರೂಪ. ಕೇಳಿ ಪಡೆಯಿರಿ. ನನಗೆ ಕೇಳಿದರೆ, ರಸ್ತೆಯಲ್ಲಿ ನಮ್ಮ ಪೊಲೀಸರು ಅಷ್ಟೇನೂ ಕೆಟ್ಟವರಲ್ಲ. ಎಡವುವುದು ಈ ಕಾಗದದ ಭಾಗದಲ್ಲಿ. ಗಾಯಾಳುವಿನ ಸಂಸಾರ ಮುಳುಗುವುದೂ ಅಲ್ಲೇ.

ಡೌಟು ಜಾಸ್ತಿ

ದುಡ್ಡಿನ ಕಥೆ ಏನು? ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಅಡ್ವಾನ್ಸ್ ಕಟ್ಟಿ ಅಂತಾರೆ. ಇನ್ನೊಂದು, ಕಾಟಿ (ಕಾಡುಕೋಣ) ಅಡ್ಡ ಬಂದು ಬಿದ್ದರೆ ಯಾರ ಮೇಲೆ ಕೇಸು? ಕುಂಸಿ–ಆಯನೂರು ಕಡೆ ರಾತ್ರಿ ಓಡಾಡೋರಿಗೆ ಇದು ತಮಾಷೆ ಅಲ್ಲ.

ಕ್ಯಾಶುಯಲ್ಟಿ ಸಿಸ್ಟರ್

ನಗದುರಹಿತ ಚಿಕಿತ್ಸೆ ಯೋಜನೆ 2025ರ ಮೇ ತಿಂಗಳಿಂದ ಇದೆ. ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಪಟ್ಟಿಯಲ್ಲಿ ಇರುವ ಆಸ್ಪತ್ರೆ ಆಗಬೇಕು. ಪಟ್ಟಿಯಲ್ಲಿ ಇಲ್ಲದ ಕಡೆ ಹೋದರೆ ಪ್ರಾಣಾಪಾಯ ತಪ್ಪಿಸಿ ಸ್ಥಿರ ಮಾಡುವವರೆಗಿನ ಖರ್ಚು ಮಾತ್ರ. ಇದು ರಸ್ತೆ ಅಪಘಾತವೇ ಅಂತ ಪೊಲೀಸರು ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ಅಲ್ಲಿ ತಡವಾದರೆ ಬಿಲ್ಲಿನ ಕೌಂಟರ್‌ನಲ್ಲಿ ಮನೆಯವರಿಗೆ ಕಾಟ ಶುರು. ಠಾಣೆಯಲ್ಲಿ ಕಾಗದಪತ್ರ ನೋಡುವ ರೈಟರ್‌ಗೆ ಮೊದಲ ದಿನವೇ ನೆನಪು ಮಾಡಿ.

ನಮ್ಮ ರಾಜ್ಯದಲ್ಲಿ 2016ರಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದಿತ್ತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ. ನೆಲಮಂಗಲ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿದ್ದಾಗಲೂ ಅಂಗಾಂಗ ದಾನ ಮಾಡಿ ಅಂದ ಹುಡುಗ ಹರೀಶ್ ಹೆಸರಿನದು.

ಎಂವಿಸಿ ವಕೀಲ, ಶಿವಮೊಗ್ಗ

ಕಾಟಿಯ ಮೇಲೆ ಎಫ್‌ಐಆರ್ ಆಗಲ್ಲ ಸ್ವಾಮಿ. ಎದುರು ವಾಹನ ಇಲ್ಲದಿದ್ದರೆ ಮೂರನೇ ವ್ಯಕ್ತಿ ವಿಮೆ ಕೆಲಸಕ್ಕೆ ಬರಲ್ಲ. ನಿಮ್ಮ ಪಾಲಿಸಿಯಲ್ಲಿ ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಾ ನೋಡಿಕೊಳ್ಳಿ. ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಪೊಲೀಸರಿಗೆ ಮತ್ತು ಅರಣ್ಯ ಇಲಾಖೆಗೆ ಎರಡೂ ಕಡೆ ಮಾಹಿತಿ ಕೊಟ್ಟು ದಾಖಲೆ ಮಾಡಿಸಿ.

ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಬೇರೆ ದಾರಿ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಡೆ. ಪ್ರಕರಣ ದಾಖಲಾಗಿ ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ, ‘ನಿಮಗೆ ಹೀಗೊಂದು ಯೋಜನೆ ಇದೆ’ ಅಂತ ಠಾಣಾಧಿಕಾರಿ ಗಾಯಾಳುವಿಗೆ ಬರೆದು ತಿಳಿಸಬೇಕು. 2024ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶ ಇದು.

ಸಾಗರದ ಅಡಿಕೆ ಮಂಡಿ

ಬಹಳ ಹೊತ್ತಿನಿಂದ ಓದುತ್ತಾ ಇದ್ದೆ. ನನ್ನದೂ ಒಂದಿದೆ. ಭಾವನಿಗೆ ಆನಂದಪುರ ಕಡೆ ಕಾರು ಗುದ್ದಿ ಕಾಲು ಮುರಿಯಿತು. ಕಾರಿನವರು ಪರಿಚಯದವರ ನೆಂಟರು. ‘ಕೇಸು ಯಾಕೆ, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಅಂದರು. ಠಾಣೆಯಲ್ಲೂ ‘ಊರವರೇ ಅಲ್ವಾ, ರಾಜಿ ಮಾಡಿಕೊಳ್ಳಿ’ ಅಂದರು. ಮೊದಲ ಆಪರೇಷನ್‌ಗೆ ಕೊಟ್ಟರು. ಈಗ ರಾಡ್ ತೆಗೆದು ಮತ್ತೆ ಹಾಕಬೇಕು ಅಂತಿದ್ದಾರೆ, ಅವರು ಫೋನ್ ಎತ್ತುತ್ತಿಲ್ಲ. ನಾಲ್ಕು ತಿಂಗಳ ಮೇಲಾಯಿತು.

ನಿವೃತ್ತ ಹೆಡ್ ಕಾನ್‌ಸ್ಟೆಬಲ್

ರಾಜಿ ಮಾಡಿಸುವುದು ಠಾಣೆಯ ಕೆಲಸವೇ ಅಲ್ಲ. ಆದರೂ ನಡೆಯುತ್ತೆ. ಒಂದು ಕೇಸು ಕಡಿಮೆಯಾದರೆ ಒಬ್ಬ ತನಿಖಾಧಿಕಾರಿಗೆ ಎಷ್ಟೋ ಓಡಾಟ ಉಳಿಯುತ್ತೆ ನೋಡಿ. ಕಾರಿನ ಮಾಲೀಕ ಕೈಯಿಂದ ಕೊಡಬೇಕಾಗಿಯೂ ಇರಲಿಲ್ಲ, ವಿಮಾ ಕಂಪನಿ ಕೊಡುತ್ತಿತ್ತು. ಅದನ್ನು ಇಬ್ಬರಿಗೂ ಬಿಡಿಸಿ ಹೇಳಿದ್ದರೆ ಎಲ್ಲರೂ ಬಚಾವ್.

ಎಂವಿಸಿ ವಕೀಲ, ಶಿವಮೊಗ್ಗ

ಮಂಡಿಯವರೇ, ಎಫ್‌ಐಆರ್ ಆಗಿದೆಯಾ ಇಲ್ಲವಾ? ಅದನ್ನು ಮೊದಲು ಹೇಳಿ. ಪರಿಹಾರದ ಅರ್ಜಿಗೆ ಅಪಘಾತವಾದ ದಿನದಿಂದ 6 ತಿಂಗಳು ಅಂತ ಮೋಟಾರು ವಾಹನ ಕಾಯ್ದೆಯ 166(3)ರಲ್ಲಿ ಇದೆ. ಆ ಲೆಕ್ಕದಲ್ಲಿ ನಿಮಗೆ ಸಮಯ ಜಾಸ್ತಿ ಇಲ್ಲ.

ಸಾಗರದ ಅಡಿಕೆ ಮಂಡಿ

ಆಗಿಲ್ಲ ಅನಿಸುತ್ತೆ. ‘ಡೈರಿಯಲ್ಲಿ ಬರೆದುಕೊಂಡಿದ್ದೇವೆ’ ಅಂದಿದ್ದರು.

ಎಂವಿಸಿ ವಕೀಲ, ಶಿವಮೊಗ್ಗ

ಡೈರಿ ಎಫ್‌ಐಆರ್ ಅಲ್ಲ. ನಾಳೆಯೇ ಭಾವನ ಸಹಿ ಹಾಕಿಸಿ ಲಿಖಿತ ದೂರು ಕೊಡಿ, ತಡ ಯಾಕಾಯಿತು ಅನ್ನೋದನ್ನೂ ಇದ್ದಹಾಗೆ ಬರೆಯಿರಿ. ರಾಜಿ ಮಾತು ಮುಚ್ಚಿಡಬೇಡಿ. ಸ್ವೀಕೃತಿ ತಗೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗೋಣ. ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ದಾರಿ ಇದೆ. ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಾರಾಂಶ, ಎಕ್ಸ್-ರೇ ಎಲ್ಲ ಒಟ್ಟು ಮಾಡಿ. ಕಾರಿನವರು ದುಡ್ಡು ಕಳಿಸಿದ್ದು ಫೋನ್‌ಪೇಯಲ್ಲಾ, ನಗದಾ?

ಸಾಗರದ ಅಡಿಕೆ ಮಂಡಿ

ಫೋನ್‌ಪೇ. ಕೆಳಗೆ ‘ಆಕ್ಸಿಡೆಂಟ್ ಖರ್ಚು’ ಅಂತ ಅವರೇ ಬರೆದಿದ್ದಾರೆ.

ಎಂವಿಸಿ ವಕೀಲ, ಶಿವಮೊಗ್ಗ

ಆ ಸ್ಕ್ರೀನ್‌ಶಾಟ್ ಪ್ರಿಂಟ್ ತಗೊಂಡು ದೂರಿನ ಜೊತೆ ಲಗತ್ತಿಸಿ. ಬ್ಯಾಂಕ್ ಸ್ಟೇಟ್‌ಮೆಂಟೂ ತನ್ನಿ. ಕ್ಲೇಮ್ ಅರ್ಜಿಯನ್ನು ಸಾಗರದಲ್ಲೇ ಹಾಕಬಹುದು, ಶಿವಮೊಗ್ಗಕ್ಕೆ ಅಲೆಯಬೇಕಾಗಿಲ್ಲ.